ಕಡೇ ಗೆರೆಗೆ ನಿಂತವಳು

ಕೋಗಿಲಬನ, ದಾಂಡೇಲಿ
೨೫ ಅಕ್ಟೋಬರ್ ೨೦೨೫

ಅಕ್ಕಾ,

ಅಷ್ಟಕ್ಕೂ ನಾನು ಬೇಡ ಅಂದದ್ದು ನೀನು ಹೆಣ್ಣು ಎಂಬ ಕಾರಣಕ್ಕಲ್ಲ. ಈ ಮಾತನ್ನು ನಿನ್ನೆ ಮುಂಡಗೋಡ ಬಸ್ ಸ್ಟ್ಯಾಂಡಿನಲ್ಲೇ ಮುಗಿಸಬೇಕಿತ್ತು. ಹಳಿಯಾಳದ ಬಸ್ಸು ಬಂದುಬಿಟ್ಟಿತು, ಕಂಡಕ್ಟರ್ ತೋಳು ಹಿಡಿದು ಹತ್ತಿಸಿದ. ನಾನು ಕಿಟಕಿಗೆ ಕೂತು ನೋಡುವಷ್ಟರಲ್ಲಿ ನೀನು ಬೆನ್ನು ತಿರುಗಿಸಿದ್ದೆ. ಏನೋ ಅಂದೆ ಎಂಬುದು ಮಾತ್ರ ಗೊತ್ತಾಯಿತು, ಸೆರಗು ಅಲುಗಿತು. ಕಾಗದದ ಕಾರ್ಖಾನೆಯ ಮಷಿನ್ ಹಾಲಿನಲ್ಲಿ ಕಿವಿ ಕಳೆದುಕೊಂಡವನಿಗೆ ಬೆನ್ನು ತಿರುಗಿಸಿ ಮಾತಾಡಿದರೆ ಏನು ತಿಳಿಯಬೇಕು? ತುಟಿ ಕಂಡಿದ್ದರೆ ಓದಿಕೊಳ್ಳುತ್ತಿದ್ದೆ. ಫೋನು ನನಗೆ ಪ್ರಯೋಜನವಿಲ್ಲ, ಅದು ಬರೀ ನಡುಗುತ್ತದೆ. ಹೀಗಾಗಿ ಕಾಗದ.

ಸಂಜೆಯ ಡ್ಯೂಟಿಗೆ ಬಂದು ಗೇಟಿನಲ್ಲಿ ಕೂತಿದ್ದೆ. ರೆಸಾರ್ಟಿಗೆ ಪುಣೆಯ ಗಂಡಹೆಂಡತಿ ಬಂದರು. ಗೇಟಿನ ಕೋಣೆಯಲ್ಲಿ ನಾನು ಅಂಟಿಸಿರುವ ನಿನ್ನ ಹೋರಿ ಸಣ್ಣಪ್ಪನ ಫೋಟೋ ನೋಡಿ ಆ ಹೆಣ್ಣುಮಗಳು ಇದು ಬುಲ್ ಫೈಟೇ ಎಂದು ಕೇಳಿದಳು. ನಿಧಾನ ಮಾತಾಡುವವಳು, ಓದಲು ಸುಲಭ. ಹಳಿಯಾಳದ ಕಾಲೇಜಿನಲ್ಲಿ ಕಲಿತು ಅರ್ಧ ಮರೆತದ್ದನ್ನೆಲ್ಲ ಒಟ್ಟು ಮಾಡಿ ಹೇಳಿದೆ: ಮೇಡಂ, ಐ ಬೆಗ್ ಟು ಸ್ಟೇಟ್ ದಟ್ ದಿಸ್ ಈಸ್ ನಾಟ್ ಫೈಟ್. ನೋ ಸ್ವೋರ್ಡ್, ನೋ ಬ್ಲಡ್, ಓನ್ಲಿ ಡ್ರೈ ಕೋಕೋನಟ್. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಒಂದು ತುದಿಯಿಂದ ಬಿಡುತ್ತಾರೆ, ಎರಡೂ ಕಡೆ ನಿಂತ ಗಂಡಸರು ಅದನ್ನು ಹರಿಯಲು ಬೀಳುತ್ತಾರೆ, ಕೊಬ್ಬರಿ ಉಳಿಸಿಕೊಂಡು ಕಡೇ ಗೆರೆ ದಾಟಿದರೆ ಹೋರಿ ಗೆದ್ದಂತೆ. ಆ ಗೆರೆಯಲ್ಲಿ ಮನೆಯ ಯಜಮಾನ ಒಬ್ಬನೇ ಹುರುಳಿ ನುಚ್ಚಿನ ಬುಟ್ಟಿ ಹಿಡಿದು ನಿಂತಿರುತ್ತಾನೆ, ಹೋರಿ ಅವನನ್ನು ನೋಡಿಕೊಂಡೇ ಓಡುತ್ತದೆ ಎಂದು ವಿವರಿಸಿದೆ. ಆಕೆಗೆ ಖುಷಿಯಾಯಿತು. ಆ ಗೆರೆಗೆ ಹೆಂಗಸರೂ ನಿಲ್ಲುತ್ತಾರೆಯೇ ಎಂದಳು. ಕಿವಿ ಇಲ್ಲದವನಿಗಿರುವ ಒಂದೇ ಅನುಕೂಲವನ್ನು ಬಳಸಿಕೊಂಡೆ. ಕೇಳಲಿಲ್ಲ ಎಂಬಂತೆ ಬ್ಯಾರಿಯರ್ ಎತ್ತಿ ಒಳಗೆ ಬಿಟ್ಟೆ.

ಪಾಡ್ಯದ ದಿನ ನಿನ್ನ ಅಂಗಳದಲ್ಲಿ ನಡೆದದ್ದನ್ನೇ ಬಸ್ಸಿನುದ್ದಕ್ಕೂ ಯೋಚಿಸಿದೆ. ಭಾವ ತೀರಿಕೊಂಡ ಮೇಲೆ ಬಂದ ಮೊದಲ ದೀಪಾವಳಿ. ನಿನ್ನ ಮೈದುನ ಪರಸಪ್ಪ ಹೇಳಿದ್ದರಲ್ಲಿ ಸುಳ್ಳೇನಿತ್ತು? "ಅಣ್ಣ ಹ್ವಾದ ಮ್ಯಾಲ ಕಡೇ ಗೆರಿಗೆ ನಿಲ್ಲವ್ರು ಯಾರದಾರ? ಈ ಹಂಗಾಮು ನೋಡೂಣು. ಓಡಲಿಲ್ಲಾಂದ್ರ ಹಾವೇರಿ ಕಡೆಯವ್ರಿಗೆ ಹೋರಿ ಕೊಟ್ಟು ಬಿಡೂಣು." ಪಕ್ಕದ ಮನೆಯ ಸಚಿನ ಒಂದು ಸಲ ನಿಂತು ನೋಡಿದ್ದನಲ್ಲ, ಸಣ್ಣಪ್ಪ ಅವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಆಗ ನೀನು ಕೊಟ್ಟಿಗೆಯಿಂದ ಒದ್ದೆ ಕೈಯಲ್ಲೇ ಬಂದು ನಾ ನಿಲ್ತೇನಿ ಅಂದೆ. ಎಲ್ಲರೂ ನಿನ್ನನ್ನು ಬಿಟ್ಟು ನನ್ನ ಮುಖ ನೋಡಿದರು. ನಿನ್ನ ತವರಿನ ಗಂಡಸು ಎಂದು ಉಳಿದವನು ನಾನೊಬ್ಬ. ನಾನು ಬೇಡ ಅಂದೆ.

ಮನೆಯವಳು ಶಾಂತಾದೇವಿ ತೀರಿಹೋದ ಮೇಲೆ ನನಗೆ ಕಾಗದ ಬರೆಯಲು ಇರುವ ವಿಳಾಸ ಒಂದೇ, ಅಕ್ಕಾ. ಅದಕ್ಕೆ ಬೇಡ ಅಂದೆ. ಅರವತ್ತು ದಾಟಿದವಳು, ಓಡಿ ಬರುವ ಹೋರಿಯ ಎದುರು ಬುಟ್ಟಿ ಹಿಡಿದು ನಿಲ್ಲುವುದೆಂದರೇನು?

ಯೋಚಿಸಿ ಬರೆ.

ನಿನ್ನ ತಮ್ಮ,
ಈಶಪ್ಪ

•

ಮುಂಡಗೋಡ
೫ ನವೆಂಬರ್

ತಮ್ಮಾ ಈಶಾ,

ನಿನ್ನ ಕಾಗದ ಮುಟ್ಟಿತು. ಎರಡು ಸಲ ಓದಿದೆ. ಮೊದಲ್ನೇ ಸಲ ಸಿಟ್ಟು ಬಂದು ನಡುವ ಬಿಟ್ಟಿದ್ದೆ.

ನೀ ಅಂಜಿದ್ದು ತಿಳೀತು. ಅಂಜೋದು ನಿನ್ನ ಕೆಲಸ, ಮಾಡು. ನಿಲ್ಲೋದು ನನ್ನ ಕೆಲಸ.

ಸಣ್ಣಪ್ಪ ಹುಟ್ಟಿದಾಗ ಅದರ ತಾಯಿ ಮೊಲಿ ಕೊಡಲಿಲ್ಲ, ಒದೀತಿತ್ತು. ಬಿದಿರಿನ ಗೊಟ್ಟದಾಗ ಹಾಲು ಹಾಕಿ ಬದುಕಿಸಿದಾಕಿ ನಾ. ಕೆರ್ಯಾಗ ಮೈ ತಿಕ್ಕಿದ್ದು ನಾ, ಗೊರಸಿನ್ಯಾಗಿನ ಮುಳ್ಳು ತಗದದ್ದು ನಾ. ಹಬ್ಬದ ದಿವಸ ಮಾತ್ರ ನಿಮ್ಮ ಭಾವ ರುಮಾಲು ಸುತ್ತಿ ಗೆರಿಗೆ ನಿಲ್ತಿದ್ರು. ಸೆಗಣಿ ಬಳಿಯಾಕಿ ನಾ, ಶಾಲು ಹೊದಿಸ್ಕೊಳ್ಳವ್ರು ಅವ್ರು. ನಾ ಒಂದಿನ ಏನೂ ಅಂದಿಲ್ಲ, ಅವ್ರ ಮುಖದಾಗ ಆ ಖುಷಿ ನೋಡಿ ಸುಮ್ಮನಿದ್ದೆ. ಈಗ ಅವ್ರಿಲ್ಲ. ಹೋರಿ ಐತಿ, ನಾನೂ ಅದೀನಿ.

ಹಬ್ಬದ ಕಮಿಟಿಯವ್ರ ಹತ್ರ ನಾನ ಹ್ವಾದೆ. "ಅಜ್ಜೀ, ಇದು ಗಂಡಸರ ಆಟ" ಅಂದ್ರು. ಹೋರಿ ಸಾಕೋದೂ ಗಂಡಸರ ಆಟ ಏನು ಅಂತ ಕೇಳಿದೆ. ನಕ್ಕರು. ಬಿದ್ರ ನಮ್ಮ ಮ್ಯಾಲ ಬರಬ್ಯಾಡ ಅಂದ್ರು. ಬಿದ್ರ ಭೂಮಿ ಮ್ಯಾಲ ಬೀಳ್ತೇನಿ, ನಿಮ್ಮ ಮ್ಯಾಲ ಯಾಕ ಬೀಳ್ಲಿ ಅಂದೆ. ಅಲ್ಲೇ ಒಬ್ಬಾಂವ, ಅಜ್ಜಿ ನಿಂತ್ರ ಮಂದಿ ಹೆಚ್ಚಿಗಿ ಬರ್ತಾರ, ನಿಲ್ಲಲಿ ಬಿಡು ಅಂದ. ಅಂವ ಚ್ಯಾಷ್ಟಿಗೆ ಅಂದ, ನಾ ಹೂಂ ಅಂದು ಎದ್ದು ಬಂದೆ.

ಹದಿನಾರಕ್ಕ ಆಯಿತವಾರ ಪಕ್ಕದೂರಾಗ ಹೋರಿ ಹಬ್ಬ ಐತಿ. ಸಚಿನನ ಹುಡುಗೂರು ಹಳದಿ ಅಂಗಿ ಹೊಲಿಸ್ಯಾರ, ಅದರ ಮ್ಯಾಲ "ಮುಂಡಗೋಡ ಡೇಂಜರ್" ಅಂತ ಬರದೈತಿ. ನಮ್ಮ ಸಣ್ಣಪ್ಪಂದ ಆ ಹೆಸರು. ಅದಕ್ಕ ಗೊತ್ತಿಲ್ಲ ಪಾಪ.

ನೀ ಬರಬ್ಯಾಡ. ನೀ ಬಂದ್ರ ಹೋರಿ ಬಿಟ್ಟು ನಿನ್ನ ಮುಖ ನೋಡ್ಕೋತ ನಿಲ್ಲಬೇಕಾಗ್ತೈತಿ.

ನಿನ್ನ ಅಕ್ಕ
ನೀಲಕ್ಕ

•

ಕೋಗಿಲಬನ
೨೦ ನವೆಂಬರ್

ಅಕ್ಕಾ,

ಎಲ್ಲಿಂದ ಶುರು ಮಾಡಲಿ? ಮೊನ್ನೆ ಮಧ್ಯಾಹ್ನ ನದಿಯಲ್ಲಿ ನೀರು ಕಡಿಮೆ ಬಿಟ್ಟಿದ್ದರು. ರಾಫ್ಟಿಂಗಿನ ಹುಡುಗರು ಕೆಲಸವಿಲ್ಲದೆ ಗೇಟಿನ ಹತ್ತಿರ ಗುಂಪಾಗಿ ಕೂತಿದ್ದರು. ಅವರ ಲೀಡರ್ ಮಹಾಬಳೇಶ್ವರ ಎಂಬವನು ಕುಳಗಿಯವನು, ಒಳ್ಳೆಯ ಹುಡುಗ, ನನಗೆ ಎದುರು ನಿಂತೇ ಮಾತಾಡುತ್ತಾನೆ. ಅವನು ಫೋನು ಹಿಡಿದು ಬಂದು "ಕಾಕಾ, ಇದನ್ನ ನೋಡ್ರಿ, ಅಜ್ಜಿ ಹಾರಿದ್ದು" ಅಂದ.

ನೋಡಿದೆ.

ಆ ವಿಡಿಯೋಗೆ ಯಾರೋ ಹಾಡು ಸೇರಿಸಿದ್ದಾರಂತೆ, ಅದಕ್ಕೇ ಎಲ್ಲರೂ ನಗುವುದಂತೆ. ನನಗೆ ಹಾಡಿಲ್ಲ, ಡೋಲಿಲ್ಲ, ಮೈಕಿಲ್ಲ. ಇದ್ದದ್ದಷ್ಟೇ ಕಂಡಿತು. ನೀನು ಕಚ್ಚೆ ಬಿಗಿದು, ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದೆ. ಕಾಲು ಅಲುಗಲಿಲ್ಲ. ಸಣ್ಣಪ್ಪ ಹೋರಿ ಬಿಡುವ ಬಾಗಿಲಿನಿಂದ ಚೆನ್ನಾಗಿಯೇ ಬಂದ. ಅರ್ಧ ದಾರಿಗೆ ತಲೆ ಎತ್ತಿ ಯಾರನ್ನೋ ಹುಡುಕಿದ. ನೀನು ಕರೆದೆ, ಬಾಯಿ ಅಗಲವಾಗಿ ತೆರೆಯಿತು, "ಸಣ್ಣಪ್ಪಾ ಬಾ" ಅಂದದ್ದು ತುಟಿಯಲ್ಲಿ ಸ್ಪಷ್ಟ. ಆದರೆ ಅದರ ಕಿವಿ ನಿನ್ನ ಕಡೆ ತಿರುಗಲಿಲ್ಲ. ನಿನ್ನ ಬಲಗಡೆ ಆಳೆತ್ತರಕ್ಕೆ ಸೌಂಡ್ ಬಾಕ್ಸು ಒಟ್ಟಿದ್ದರಲ್ಲ, ಎರಡೂ ಕಿವಿ ಅದರ ಕಡೆ ತಿರುಗಿ ಹಿಂದಕ್ಕೆ ಮಡಚಿಕೊಂಡವು. ಆಮೇಲೆ ಅದು ಬೆದರಿ ಬೇಲಿಯ ಕಡೆ ಹೊರಳಿತು, ಅಲ್ಲಿದ್ದವರು ಕೊಬ್ಬರಿಯೆಲ್ಲ ಹರಿದುಕೊಂಡರು, ಅದರ ಪಕ್ಕೆ ತಾಗಿ ನೀನು ಬಿದ್ದೆ.

ಮತ್ತೊಮ್ಮೆ ಹಾಕು ಅಂದೆ. ಮತ್ತೊಮ್ಮೆ. ಮುದುಕನಿಗೆ ಬಹಳ ಇಷ್ಟವಾಗಿದೆ ಎಂದು ಹುಡುಗರು ತೊಡೆ ತಟ್ಟಿ ನಕ್ಕರು. ಆಗ ಮಹಾಬಳೇಶ್ವರನಿಗೆ "ಅಕಿ ನಮ್ಮಕ್ಕ" ಅಂದೆ. ಅವನು ಫೋನು ಜೇಬಿಗಿಟ್ಟು ದೋಣಿಗೆ ಗಾಳಿ ಹೊಡೆಯಲು ಹೋದ. ಸ್ವಲ್ಪ ಹೊತ್ತಿಗೆ ಎರಡು ಕಪ್ ಚಹಾ ತಂದು ಒಂದನ್ನು ನನ್ನೆದುರು ಇಟ್ಟು ಪಕ್ಕದಲ್ಲಿ ಕೂತ.

ಕೈ ಹೇಗಿದೆ? ಇದನ್ನು ಕೇಳಲು ಇಷ್ಟು ಸುತ್ತು ಹಾಕಿದೆ. ಬಿದ್ದಾಗ ಎಡಗೈ ಊರಿದ್ದು ನೋಡಿದೆ.

ಈಗ ನಾನು ಹೇಳುವುದನ್ನು ಸಿಟ್ಟು ಮಾಡದೆ ಕೇಳು. ನೀನು ಸೋಲಲಿಲ್ಲ, ನಿನ್ನ ಧ್ವನಿ ಅಲ್ಲಿಗೆ ಮುಟ್ಟಲಿಲ್ಲ. ಭಾವನ ಧ್ವನಿಗೆ ಹೋರಿ ಬರುತ್ತದೆ ಎಂದು ನಾವೆಲ್ಲ ಇಷ್ಟು ವರ್ಷ ತಿಳಿದಿದ್ದೆವು. ಅದೂ ಸುಳ್ಳಿರಬೇಕು. ಅವರು ಆರಡಿ ಆಳು, ತಲೆಗೆ ಅಷ್ಟು ದೊಡ್ಡ ರುಮಾಲು. ಅದು ಕಣ್ಣಿಗೆ ಕಂಡು ಓಡಿ ಬರುತ್ತಿತ್ತು. ನೀನು ಗಿಡ್ಡಿ. ಕೊಟ್ಟಿಗೆಯಲ್ಲಿ ನಿನಗೆ ಧ್ವನಿ ಸಾಕಾಗುತ್ತದೆ, ಅಲ್ಲಿ ಡಿಜೆ ಇಲ್ಲ.

ನಾನು ಕಾರ್ಖಾನೆಯಲ್ಲಿ ಏನು ಮಾಡುತ್ತಿದ್ದೆ ಎಂದು ನೀನು ಒಂದು ಸಲವೂ ಕೇಳಿಲ್ಲ, ನಾನೂ ಹೇಳಿಲ್ಲ. ಮಷಿನಿನ ಕಡೇ ತುದಿಗೆ ನಿಲ್ಲುತ್ತಿದ್ದೆ. ಅಷ್ಟೇ. ಹೊಸ ಹಾಳೆ ಹಸಿ ತುದಿಯಿಂದ ಹೊರಟು ರೋಲರುಗಳ ನಡುವೆ ಓಡುತ್ತಾ ಬಂದರೆ ಅದರ ಬಾಲವನ್ನು ಹಿಡಿದು ಸುರುಳಿಗೆ ಹತ್ತಿಸಬೇಕು. ತಪ್ಪಿದರೆ ಹಾಲಿನ ತುಂಬ ಕಾಗದ. ಆ ತುದಿಯವನು ಈ ತುದಿಯವನಿಗೆ ಇರುವೆಯಷ್ಟು ಕಾಣುತ್ತಾನೆ, ಮಷಿನಿನ ಸದ್ದಿಗೆ ಎದೆಯೇ ನಡುಗುತ್ತದೆ. ನಾವು ಎಂದೂ ಕೂಗಿದವರಲ್ಲ. ಕೂಗುವವನನ್ನು ಕಂಡರೆ ಹೊಸಬ ಬಂದಿದ್ದಾನೆ ಎಂದುಕೊಳ್ಳುತ್ತಿದ್ದೆವು. ನಾನು ಬಿಳಿ ಫೆಲ್ಟಿನ ತುಂಡನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಅಗಲವಾಗಿ ಎತ್ತಿ, ಒಂದೇ ಸಲ ಕೆಳಗಿಳಿಸುತ್ತಿದ್ದೆ. ಬಿಡು, ನಾನು ಇದ್ದೇನೆ ಎಂದು ಅರ್ಥ. ಅವನು ಬಿಡುತ್ತಿದ್ದ. ಎರಡು ಸಲ ಎತ್ತಿದರೆ ಹಾಳೆ ಹತ್ತಿತು, ಮಷಿನ್ ನಡೆಯಲಿ ಎಂದು.

ಫೆಲ್ಟು ಎಂದರೆ ನಿನಗೆ ಗೊತ್ತಿದೆ, ನಮ್ಮ ಮನೆಯಲ್ಲಿ ಹಾಸಿಗೆಯ ಮೇಲೆ ನೋಡಿದ್ದೀಯ. ಹಸಿ ಕಾಗದವನ್ನು ಹೊತ್ತು ಓಡುವ ದಪ್ಪ ಉಣ್ಣೆಯ ಪಟ್ಟಿ, ಸವೆದ ಮೇಲೆ ಕತ್ತರಿಸಿ ನಮಗೆ ಕೊಡುತ್ತಿದ್ದರು. ಕಾರ್ಖಾನೆಯವರೇ ಇರುವ ಅಂಬೇವಾಡಿಯಲ್ಲಿ ಅದನ್ನು ಹಾಸಿ ಮಲಗದ ಮನೆ ಇಲ್ಲ. ನನ್ನ ಹತ್ತಿರ ಎರಡಿವೆ. ಮಂಚದ ಮೇಲಿನದಕ್ಕೆ ಶಾಂತಾದೇವಿ ತನ್ನ ನೀಲಿ ಸೀರೆಯ ಅಂಚು ಕತ್ತರಿಸಿ ಸುತ್ತ ಹೊಲಿದಿದ್ದಾಳೆ, ಅದು ಇರಲಿ. ಟ್ರಂಕಿನಲ್ಲಿದ್ದದ್ದನ್ನು ಪಾರ್ಸಲ್ ಮಾಡಿದ್ದೇನೆ.

ದಿನಾ ಹುರುಳಿ ಕೊಡುವಾಗ ದೂರ ನಿಲ್ಲು. ಕರೆಯಬೇಡ. ಫೆಲ್ಟು ಎತ್ತು, ಇಳಿಸು, ಬಂದರೆ ಮಾತ್ರ ಬುಟ್ಟಿ. ಬಾಯಿ ಮುಚ್ಚಿಕೊಂಡಿರಬೇಕು. ಅದು ನಿನಗೆ ಕಷ್ಟ, ಬಲ್ಲೆ.

ಇನ್ ಸ್ಪೈಟ್ ಆಫ್ ಎಂಬುದನ್ನು ಬಳಸಿ ವಾಕ್ಯ ರಚಿಸಿರಿ ಎಂದು ಕಾಲೇಜಿನಲ್ಲಿ ಕೇಳಿದಾಗ ನನಗೆ ಒಂದೂ ಹೊಳೆದಿರಲಿಲ್ಲ. ಈಗ ಹೊಳೆದಿದೆ. ಇನ್ ಸ್ಪೈಟ್ ಆಫ್ ಮೈ ಒಬ್ಜೆಕ್ಷನ್, ಮೈ ಸಿಸ್ಟರ್ ವಿಲ್ ಸ್ಟ್ಯಾಂಡ್.

ನಿನ್ನ ತಮ್ಮ,
ಈಶಪ್ಪ

•

ಮುಂಡಗೋಡ
೩ ಡಿಸೆಂಬರ್

ತಮ್ಮಾ,

ಕಂಬಳಿ ಬಂತು. ಮೊದಲ್ನೇ ದಿವಸ ಸಣ್ಣಪ್ಪ ಅದರ ಮೂಲಿ ತಿಂದ. ಎರಡ್ನೇ ದಿವಸ ನೋಡಿ ಅಂಜಿ ಕೊಟ್ಟಿಗ್ಯಾಗ ಹೊಕ್ಕ. ಈಗ ಹಿತ್ತಲದ ಆ ತುದೀಲೆ ನಿಂತು ಎತ್ತಿದ್ರ ಬಾಲ ಮ್ಯಾಲ ಮಾಡಿ ಬರ್ತಾನ.

ಕೈ ಉಳುಕಿತ್ತು, ಎಣ್ಣಿ ತಿಕ್ಕೀನಿ. ಎತ್ತಾಕ ಬರ್ತೈತಿ.

ಆದ್ರ ಹಿತ್ತಲದಾಗ ಗದ್ದಲ ಎಲ್ಲೈತಿ? ಅದಕ್ಕ ನಮ್ಮ ಓಣಿ ಮಾಲವ್ವಗ ಹೇಳಿದೆ. ಅಕಿ ತಾಯವ್ವನ್ನ ಕರಕೊಂಡು ಬಂದ್ಲು, ತಾಯವ್ವ ಓಣಿ ಕರಕೊಂಡು ಬಂದ್ಲು. ಹೊತ್ತು ಮುಳುಗೂ ಮುಂದ ಎಲ್ಲಾರೂ ತಾಟು, ಡಬ್ಬಿ, ಹಳೇ ಪಾತೇಲಿ ತಗೊಂಡು ಬೇಲಿಗುಂಟ ನಿಂತು ಬಡೀತಾರ. ಸಚಿನ ನಾಚಿಕಿ ಬಿಟ್ಟು ಸೌಂಡ್ ಬಾಕ್ಸೂ ತಂದ. ನಡುವ ಸಣ್ಣಪ್ಪ, ಆ ಕಡೆ ನಾ ಬಾಯಿ ಮುಚ್ಕೊಂಡು. ಕಟ್ಟಿ ಮ್ಯಾಲ ಕುಂತ ಗಂಡಸರು, "ಏನವಾ, ಗ್ರಹಣ ಹಿಡದೈತೇನು?" ಅಂತ ಕೇಳ್ತಾರ. ಮಾಲವ್ವ, "ಹೌದು, ಬಿಡಿಸಾಕತ್ತೀವಿ" ಅಂದ್ಲು. ಅವತ್ತಿನಿಂದ ಕಟ್ಟಿ ಮ್ಯಾಲೆ ಕುಂತವ್ರು ಕಡಿಮಿ ಆಗ್ಯಾರ.

ಮಾಲವ್ವನ ಮನ್ಯಾಗೂ ಒಂದು ಹೋರಿಗರ ಐತಿ. ಅಕಿ ನನ್ನ ಕೈ ನೋಡೋದು ಬರೀ ನೋಡೋದಲ್ಲ, ಕಲಿಯೋದು.

ಈಗ ಮುಖ್ಯ ಮಾತು. ಜನವರಿ ನಾಲ್ಕಕ್ಕ ನಮ್ಮೂರಾಗ ಐತಿ. ಈ ಹಂಗಾಮಿಗೆ ಅದ ಕಡೀದು. ಅದರಾಗ ಸಣ್ಣಪ್ಪ ಕೊಬ್ಬರಿ ಕಳಕೊಂಡ್ರ ಹಾವೇರಿ ಕಡೆಯವ್ರು ಮರುದಿನ ಗಾಡಿ ತರ್ತಾರ. ಪರಸಪ್ಪ ಆಗಲೇ ಮಾತು ಆಡಿ ಬಂದಾನ. ಮತ್ತ ಅಂವ ಇನ್ನೊಂದು ಅಂದ: "ವೈನಿ, ನೀವು ನಿಲ್ಲೋದಾದ್ರ ನಿಲ್ರಿ. ಬಾಗಲದಾಗ ಹಗ್ಗ ಬಿಚ್ಚಾಕ ನಮ್ಮ ಮನಿ ಗಂಡಸರು ಯಾರೂ ಬರಂಗಿಲ್ಲ." ಹಗ್ಗ ಮನಿಯವ್ರ ಬಿಚ್ಚಬೇಕು, ಅದು ಪದ್ಧತಿ. ಸಚಿನ ಮನಿಯವ ಅಲ್ಲ. ತವರಮನಿಯವ್ರು ನಡೀತೈತೇನು ಅಂತ ಕಮಿಟಿಗೆ ಕೇಳಿದೆ. ಒಬ್ಬರ ಮಾರಿ ಒಬ್ಬರು ನೋಡಿದ್ರು. ಯಾರಿಗೂ ಗೊತ್ತಿಲ್ಲ, ಯಾಕಂದ್ರ ಇದನ್ನ ಇಲ್ಲಿತನ ಯಾರೂ ಕೇಳಿಲ್ಲ.

ಅವತ್ತು ಬಸ್ ಸ್ಟ್ಯಾಂಡಿನ್ಯಾಗ ಬೆನ್ನು ಹಾಕಿ ನಾ ಅಂದದ್ದು ಇದನ್ನ. ಹಗ್ಗ ನೀ ಬಿಚ್ಚು, ನಾ ನಿಲ್ತೇನಿ ಅಂತ. ಮಾರಿ ನೋಡಿ ಕೇಳಾಕ ಆಗಲಿಲ್ಲ. ನೀ ಇಲ್ಲ ಅಂದ್ರ ಅದನ್ನ ನೋಡಬೇಕಾಗ್ತಿತ್ತು.

ಈಗ ಕಾಗದದಾಗ ಕೇಳಾಕತ್ತೀನಿ.

ನೀಲಕ್ಕ

•

ಕೋಗಿಲಬನ
೧೦ ಡಿಸೆಂಬರ್

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ಉತ್ತರ ಬರೆದೆ, ಹರಿದೆ. ಅದರಲ್ಲಿ ನನ್ನ ಮೊಣಕಾಲು ನೋವಿನ ವಿಷಯ ಒಂದು ಪುಟ ಇತ್ತು. ಎರಡನೆಯದನ್ನೂ ಹರಿದೆ. ಅದರಲ್ಲಿ ಹೊಸ ವರ್ಷದ ಸೀಸನ್ನು, ರೆಸಾರ್ಟು ತುಂಬಿರುತ್ತದೆ, ಮ್ಯಾನೇಜರ್ ರಜೆ ಕೊಡುವುದಿಲ್ಲ ಎಂದಿತ್ತು. ಅದು ಸುಳ್ಳೇನಲ್ಲ. ಮ್ಯಾನೇಜರನಿಗೆ ಇಂಗ್ಲಿಷಿನಲ್ಲೇ ಅರ್ಜಿ ಬರೆದೆ, ಡ್ಯೂ ಟು ಅನ್‌ಅವಾಯ್ಡೆಬಲ್ ಬುಲ್. ಅವನು ಓದಿ, ಮತ್ತೆ ಓದಿ, ಏನೂ ಕೇಳದೆ ಸಹಿ ಹಾಕಿದ. ಆ ದಿನ ಮಹಾಬಳೇಶ್ವರ ಗೇಟು ನೋಡಿಕೊಳ್ಳುತ್ತಾನೆ.

ಬರುತ್ತೇನೆ.

ಎಂಥ ಗಂಟು ಹಾಕುತ್ತಾರೆ ಎಂದು ಸಚಿನನಿಂದ ಚಿತ್ರ ಬರೆಸಿ ಕಳಿಸು. ಬ್ಯಾರಿಯರ್ ಕಂಬಕ್ಕೆ ಹಗ್ಗ ಕಟ್ಟಿ ರೂಢಿ ಮಾಡಿಕೊಳ್ಳುತ್ತೇನೆ. ಇನ್ನೊಂದು ಮಾತು ನೆನಪಿರಲಿ. ನಿನ್ನ ಬಿಳಿ ಮೇಲೇರಿ ಇಳಿಯುವವರೆಗೆ ನಾನು ಹೋರಿ ಬಿಡುವುದಿಲ್ಲ. ಸುತ್ತ ಯಾರು ಎಷ್ಟು ಕೂಗಿದರೂ ನನಗೆ ಕೇಳುವುದಿಲ್ಲ. ಕಾರ್ಖಾನೆ ನನ್ನ ಕಿವಿ ತೆಗೆದುಕೊಂಡದ್ದಕ್ಕೆ ಒಂದು ದಿನದ ಮಟ್ಟಿಗಾದರೂ ಲಾಭವಾಗಲಿ.

ಈಶಪ್ಪ

•

ಮುಂಡಗೋಡ
೫ ಜನವರಿ ೨೦೨೬

ತಮ್ಮಾ,

ಒಂದು ತುತ್ತು ಉಣ್ಣಲಿಲ್ಲ, ಸಂಜೀ ಬಸ್ಸಿಗೇ ಹ್ವಾದಿ. ಡ್ಯೂಟಿ ಅಂತ. ಇರಲಿ.

ನನ್ನ ಕಡೆ ಆದದ್ದು ಊರಿಗೆಲ್ಲಾ ಗೊತ್ತು. ಎಡಗಡೆ ಸರ ಹರಕೊಂಡ್ರು, ಬಲಗಡೇದು ಉಳೀತು, ಅಷ್ಟು ಉಳಿದ್ರ ಗೆದ್ದಂಗ. ಗೆರಿ ದಾಟಿ ಬಂದು ಬುಟ್ಟಿಗೆ ಬಾಯಿ ಹಾಕಲಿಲ್ಲ ನೋಡು, ಕಂಬಳಿಗೆ ಮೂಗು ಹಚ್ಚಿ ನಿಂತ. ಮೈಕಿನ್ಯಾಗ "ಡೇಂಜರ್ ಹೋರಿ, ಮಾಲಕರು ನೀಲಕ್ಕ" ಅಂದ್ರು. ಇಷ್ಟು ವರ್ಷದಾಗ ಆ ಮೈಕಿನ್ಯಾಗ ಹೆಣ್ಣುಮಗಳ ಹೆಸರು ಬಂದಿದ್ದು ಕಾಣೆ.

ಮುಂಜಾನೆ ನಾ ಏಳೂದ್ರಾಗ ಪರಸಪ್ಪ ಸಣ್ಣಪ್ಪನ ಮೈ ತೊಳ್ಯಾಕತ್ತಿದ್ದ. ಹಾವೇರಿಯವ್ರ ಗಾಡಿ ಬರಂಗಿಲ್ಲೇನು ಅಂದೆ. "ಬರಬ್ಯಾಡ ಅಂತ ನಿನ್ನೇನ ಹೇಳೀನಿ" ಅಂದ. ನನ್ನ ಮಾರಿ ನೋಡಲಿಲ್ಲ. ಬಾ, ಚಹಾ ಕುಡಿ ಅಂದೆ, ಕುಡಿದ. ಅಲ್ಲಿ ಬಾಗಲದಾಗ ಏನಾತು? ನೀ ಹೋರಿ ಬಿಡಾಕ ಯಾಕ ಅಷ್ಟು ತಡ ಮಾಡಿದಿ? ಬರೀ.

ಮಾಲವ್ವ ಬಂದಿದ್ಲು. ಅಕಿಗೂ ಒಂದು ಕಂಬಳಿ ಬೇಕಂತ. ತಾಯವ್ವಗೂ ಬೇಕಂತ, ಅಕೀ ಮನ್ಯಾಗ ಇನ್ನೂ ಹೋರಿ ಇಲ್ಲ, ತರ್ತಾಳಂತ. ನಂದೂ ಒಂದು ಮೂಲಿ ಸಣ್ಣಪ್ಪ ತಿಂದಾನ. ಸಿಕ್ರ ಕಳಸು.

ನೀಲಕ್ಕ

•

ಕೋಗಿಲಬನ
೯ ಜನವರಿ

ಅಕ್ಕಾ,

ತಡ ಮಾಡಿದ್ದು ನಾನಲ್ಲ. ಹೋರಿ ಬಾಗಿಲಿಗೆ ಬಂದು ನಿಂತಿತ್ತು, ನನ್ನ ಕೈ ಗಂಟಿನ ಮೇಲಿತ್ತು, ನಿನ್ನ ಬಿಳಿ ಏಳಲಿಲ್ಲ. ಅಷ್ಟು ದೂರಕ್ಕೆ ನೀನು ನನಗೆ ಮಷಿನ್ ಹಾಲಿನ ಆ ತುದಿಯವನಷ್ಟೇ ಕಾಣುತ್ತಿದ್ದೆ. ನಿನ್ನ ಹತ್ತಿರ ಇಬ್ಬರು ಗಂಡಸರು ಬಂದು ಕೈ ಬೀಸಿ ಬೇಲಿಯ ಆಚೆ ನಿಲ್ಲು ಎಂಬಂತೆ ತೋರಿಸುತ್ತಿದ್ದರು. ನೀನು ಕದಲಲಿಲ್ಲ. ಇಲ್ಲಿ ನನ್ನ ಸುತ್ತ ಎಲ್ಲ ಬಾಯಿಗಳೂ ಬಿಡು ಬಿಡು ಎನ್ನುತ್ತಿದ್ದವು, ಓದಿದೆ. ಕಮಿಟಿಯವನೊಬ್ಬ ನನ್ನ ಭುಜ ಹಿಡಿದು ಅಲುಗಿಸಿದ. ನಾನು ಕಿವಿ ತೋರಿಸಿ ತಲೆ ಅಲ್ಲಾಡಿಸಿದೆ. ಅವನು ಇನ್ನೂ ಜೋರಾಗಿ ಕೂಗಿದ. ಕಿವುಡರ ಹತ್ತಿರ ಎಲ್ಲರೂ ಮಾಡುವುದು ಇದನ್ನೇ.

ಆಮೇಲೆ ನಿನ್ನ ಕಡೆ ಬೇಲಿಯ ಹಗ್ಗ ಎತ್ತಿ ಸೀರೆಗಳು ಒಳಗೆ ಬಂದವು. ಕೆಂಪು, ಹಸಿರು, ಮತ್ತೊಂದು ಹಳದಿ. ಮಾಲವ್ವ ಇರಬೇಕು ಮುಂದೆ ಇದ್ದವಳು, ಅವಳ ನಡಿಗೆ ಹಾಗೆ. ನಿನ್ನ ಹಿಂದೆ ಬಂದು ಸುಮ್ಮನೆ ನಿಂತರು. ಆ ಇಬ್ಬರು ಗಂಡಸರು ಸರಿದು ಹೋದರು. ಆಗ ಬಿಳಿ ಎದ್ದಿತು, ಇಳಿಯಿತು. ಬಿಡು, ನಾನು ಇದ್ದೇನೆ.

ನನಗೆ ಬಿಡಲು ಆಗಲಿಲ್ಲ, ಅಕ್ಕಾ.

ಬೆಳಿಗ್ಗೆ ಮೈ ತೊಳೆದಾಗ ಹಗ್ಗ ನೀರು ಕುಡಿದು ಉಬ್ಬಿತ್ತು. ಬ್ಯಾರಿಯರ್ ಕಂಬಕ್ಕೆ ನಾನು ಕಟ್ಟಿ ಬಿಚ್ಚಿದ್ದೆಲ್ಲ ಒಣ ಹಗ್ಗ. ಗಂಟು ಕಲ್ಲಿನಂತೆ ಕೂತಿತ್ತು, ಬೆರಳು ಜಾರುತ್ತಿತ್ತು, ಸಣ್ಣಪ್ಪ ಬಿಳಿ ನೋಡಿಬಿಟ್ಟಿದ್ದ, ಮುಂಗಾಲು ನೆಲ ಕೆರೆಯುತ್ತಿದ್ದ. ಇನ್ನೊಂದು ಕ್ಷಣ ಹೋಗಿದ್ದರೆ ಅದು ನನ್ನನ್ನೂ ಕಂಬವನ್ನೂ ಕಟ್ಟಿಕೊಂಡೇ ನಿನ್ನ ಹತ್ತಿರ ಬರುತ್ತಿತ್ತು.

ಪರಸಪ್ಪ ಅಲ್ಲೇ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ. ಬರುವುದಿಲ್ಲ ಅಂದವನು ಬೆಳಿಗ್ಗೆಯಿಂದ ಅಲ್ಲೇ ಇದ್ದ, ಬರೀ ನೋಡಲು ಬಂದವನ ಹಾಗೆ. ಅವನು ಬಗ್ಗಿದ. ಹಲ್ಲಿನಿಂದ ಗಂಟಿನ ಎಳೆ ಕಚ್ಚಿ ಎಳೆದು ಒಂದೇ ಸಲಕ್ಕೆ ಬಿಚ್ಚಿದ. ತುದಿಯನ್ನು ನನ್ನ ಕೈಗೆ ಕೊಟ್ಟ, ಎಳೆಯುವವನು ನಾನೇ ಆಗಲಿ ಎಂದು. ಮುಖ ನನ್ನ ಕಡೆಗಿತ್ತು, ಹಾಗಾಗಿ ಓದಿದೆ.

"ಅಕಿ ನಿಂತಾಳ. ಬಿಡು ಈಶಪ್ಪಣ್ಣ."

ಇದನ್ನು ಅವನು ನಿನಗೆ ಹೇಳುವುದಿಲ್ಲ, ಸಾಯುವವರೆಗೂ ಹೇಳುವುದಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ. ಓದಿದೆ ಎಂದು ಅವನಿಗೆ ತೋರಿಸಿಕೊಳ್ಳಬೇಡ. ಚಹಾ ಕೊಡುತ್ತಿರು.

ಬಿಟ್ಟ ಮೇಲೆ ನನಗೆ ಸಣ್ಣಪ್ಪನ ಬೆನ್ನಷ್ಟೇ ಕಂಡಿತು. ಆಮೇಲೆ ಧೂಳು, ಜನ ಎರಡೂ ಕಡೆಯಿಂದ ಮುಚ್ಚಿಕೊಂಡರು. ಏನಾಯಿತು ಎಂದು ಯಾರನ್ನು ಕೇಳಲಿ? ಎಲ್ಲರೂ ಒಟ್ಟಿಗೆ ಬಾಯಿ ತೆರೆದಿದ್ದರು, ಅದು ಸಂತೋಷದ್ದೋ ಹೆದರಿಕೆಯದ್ದೋ ಬಾಯಿ ನೋಡಿ ಹೇಳಲಾಗುವುದಿಲ್ಲ. ಮಷಿನ್ ಹಾಲಿನಲ್ಲಿ ಅಷ್ಟು ವರ್ಷ ಕಡೇ ತುದಿಗೆ ನಿಂತವನು ನಾನು, ಈ ತುದಿಗೆ ನಿಂತು ಕಾಯುವವನ ಪಾಡು ಏನೆಂದು ಮೊದಲ ಸಲ ತಿಳಿಯಿತು. ಆಗ ಧೂಳಿನ ಮೇಲೆ ಬಿಳಿ ಎದ್ದಿತು. ಇಳಿಯಿತು. ಮತ್ತೆ ಎದ್ದಿತು.

ಎರಡು ಸಲದ ಅರ್ಥವನ್ನು ನಾನು ಕಾಗದದಲ್ಲಿ ಬರೆದದ್ದು ನಿನಗೆ ನೆನಪಿತ್ತೋ, ಅಥವಾ ನೀನು ಬರೀ ಧೂಳು ಕೊಡವಿದೆಯೋ ಗೊತ್ತಿಲ್ಲ. ತಿಳಿಸಬೇಡ. ಹಾಳೆ ಹತ್ತಿತು, ಮಷಿನ್ ನಡೆಯಲಿ ಎಂದು ಓದಿಕೊಂಡು ಅಲ್ಲೇ ಹಗ್ಗದ ತುದಿ ಹಿಡಿದು ಕೂತೆ. ಪರಸಪ್ಪ ಎಬ್ಬಿಸಿದ.

ನಿನ್ನೆ ಇಲ್ಲಿ ಹುಡುಗರು ಹೊಸ ವಿಡಿಯೋ ನೋಡುತ್ತಿದ್ದರು. ಇದಕ್ಕೂ ಏನೋ ಹಾಡು ಹಾಕಿದ್ದಾರಂತೆ. ಮಹಾಬಳೇಶ್ವರ ಬಂದ ಪ್ರವಾಸಿಗರಿಗೆಲ್ಲ ತೋರಿಸಿ, "ಗೇಟಿನ ಕಾಕಾನ ಅಕ್ಕ" ಎನ್ನುತ್ತಾನೆ. ಒಬ್ಬಾಕೆ ನನ್ನ ಹತ್ತಿರ ಬಂದು ಅದೇ ಪ್ರಶ್ನೆ ಕೇಳಿದಳು, ಹೆಂಗಸರೂ ನಿಲ್ಲುತ್ತಾರೆಯೇ ಎಂದು. ಈ ಸಲ ಕೇಳಿಸಿಕೊಂಡೆ. ಯೆಸ್ ಮೇಡಂ, ಒನ್ ಈಸ್ ಸ್ಟ್ಯಾಂಡಿಂಗ್. ಟೂ ಆರ್ ಅಂಡರ್ ಟ್ರೈನಿಂಗ್.

ಫೆಲ್ಟಿನ ವಿಷಯ. ಅಂಬೇವಾಡಿಯಲ್ಲಿ ಕೇಳಿ ನೋಡಿದೆ, ಇದ್ದವರು ಚಳಿ ಮುಗಿಯಲಿ ಅಂದರು, ಅವರದೂ ಸರಿಯೇ. ಹಂಗಾಮು ಚಳಿ ಮುಗಿಯುವುದನ್ನು ಕಾಯುವುದಿಲ್ಲ, ಮಾಲವ್ವನ ಕರು ಈಗಿನಿಂದಲೇ ರೂಢಿಯಾಗಬೇಕು. ಆದ್ದರಿಂದ ಮಂಚದ ಮೇಲಿನದನ್ನೇ ಇವತ್ತು ಗೇಟಿಗೆ ತಂದಿದ್ದೇನೆ. ನನಗೆ ಚಾಪೆ ಇದೆ, ದುಪ್ಪಟಿ ಇದೆ. ಮೂರು ತುಂಡು ಮಾಡಬೇಕು, ಮಾಲವ್ವನಿಗೆ ಒಂದು, ತಾಯವ್ವನಿಗೆ ಒಂದು, ಸಣ್ಣಪ್ಪ ತಿಂದದ್ದಕ್ಕೆ ಬದಲು ನಿನಗೊಂದು. ಪ್ರತಿ ತುಂಡಿಗೂ ಶಾಂತಾದೇವಿ ಹೊಲಿದ ನೀಲಿ ಅಂಚು ಒಂದು ಕಡೆಯಾದರೂ ಬರುವಂತೆ ಅಳೆದು ಗುರುತು ಹಾಕಿದೆ. ಅವಳು ಇದ್ದಿದ್ದರೆ ನನ್ನ ಕೈಯಿಂದ ಕತ್ತರಿ ಕಸಿದುಕೊಂಡು ತಾನೇ ನೇರವಾಗಿ ಕತ್ತರಿಸುತ್ತಿದ್ದಳು.

ರೆಸಾರ್ಟಿನ ಅಡುಗೆಮನೆಯ ಕತ್ತರಿ, ಉಣ್ಣೆ ದಪ್ಪ, ಬೆರಳು ನೋಯುತ್ತದೆ. ಒಂದು ಗುರುತು ಮುಗಿಯಿತು. ಮಾಲವ್ವನದು ಬಿಡಿಯಾಯಿತು, ಮಡಚಿ ಇಟ್ಟೆ. ಎರಡನೆಯ ಗುರುತಿನ ಮೇಲೆ ಅರ್ಧ ಬಂದಿದ್ದೇನೆ. ನಡುನಡುವೆ ಕತ್ತರಿ ಕೆಳಗಿಟ್ಟು ಇದನ್ನು ಬರೆಯುತ್ತಿದ್ದೇನೆ. ನದಿಯ ಆಚೆ ದಡದ ಮರಗಳು ಆಗಲೇ ಒಂದೇ ಬಣ್ಣವಾಗಿವೆ, ಪೆನ್ಸಿಲಿನ ಗುರುತು ಎಲ್ಲಿ ಮುಗಿಯುತ್ತದೆ, ನೀಲಿ ಎಲ್ಲಿ ಶುರುವಾಗುತ್ತದೆ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಸೊಟ್ಟ ಕತ್ತರಿಸಬಾರದು. ಉಳಿದದ್ದು ನಾಳೆ ಬೆಳಿಗ್ಗೆ.

ನಿನ್ನ ತಮ್ಮ,
ಈಶಪ್ಪ